ಹೊಲದ ಮಿತ್ರರು, ತೊಟ್ಟಿಲ ಮಿತ್ರರು
(ಬಿಡದಿ ಕೈಗಾರಿಕಾ ಪ್ರದೇಶದಲ್ಲಿ ನಡೆದ ದಂಪತಿಗಳ ಸಭೆಯಲ್ಲಿ ಮಾಡಿದ ಭಾಷಣ)



ಇಲ್ಲಿ ನೆರೆದಿರುವ ತಮ್ಮಲ್ಲಿ ಅನೇಕರು ಎರಡು ಬಗೆಯ ದುಡಿಮೆಯನ್ನು ಬಲ್ಲವರು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಕಡೆಯಿಂದ ಬಿಡದಿಯ ಕಾರ್ಖಾನೆಗಳಿಗೆ ಬರುವ ಎಷ್ಟೋ ಕುಟುಂಬಗಳಿಗೆ ಊರಿನಲ್ಲಿ ರಾಗಿಯ ಹೊಲವೂ ಉಂಟು. ಆದುದರಿಂದ ಶಿಶುವಿನ ಆರೋಗ್ಯದ ಮಾತನ್ನು ಹೊಲದಿಂದಲೇ ಆರಂಭಿಸುತ್ತೇನೆ.

ಬ್ಯಾಕ್ಟೀರಿಯ ಎಂದೊಡನೆ ಕಾಲರಾ, ಕ್ಷಯ ಮುಂತಾದ ರೋಗಗಳು ನೆನಪಿಗೆ ಬರುತ್ತವೆ. ಆದರೆ ರೋಗ ತರುವವು ಅವುಗಳಲ್ಲಿ ಕೆಲವು ಮಾತ್ರ. ಗಿಡಕ್ಕೂ ಮನುಷ್ಯನಿಗೂ ಉಪಕಾರ ಮಾಡುವ ಬ್ಯಾಕ್ಟೀರಿಯಗಳು ಅನೇಕವಾಗಿವೆ.

ಅವರೆಯ ಬೇರಿನಲ್ಲಿ

ರಾಗಿಯ ನಡುವೆ ಅವರೆ, ತೊಗರಿ, ಅಲಸಂದೆಗಳ ಅಕ್ಕಡಿ ಸಾಲು ಹಾಕುವುದು ನಮ್ಮ ಸೀಮೆಯ ಹಳೆಯ ಪದ್ಧತಿ. ಹೂ ಬಿಡುವ ಕಾಲದಲ್ಲಿ ಅವರೆ ಗಿಡವೊಂದನ್ನು ಮೆಲ್ಲನೆ ಅಗೆದು ನೋಡಿರಿ. ಬೇರಿನ ಮೇಲೆ ಸಣ್ಣ ಗಂಟುಗಳು ಕಾಣುವುವು. ಉಗುರಿನಿಂದ ಸೀಳಿದಾಗ ಒಳಗೆ ನಸುಗೆಂಪು ಬಣ್ಣವಿದ್ದರೆ ಅಲ್ಲಿ ಕೆಲಸ ಸಾಗುತ್ತಿದೆಯೆಂದು ತಿಳಿಯಬೇಕು.

ಗಾಳಿಯಲ್ಲಿ ಶೇಕಡ 78 ಭಾಗ ಸಾರಜನಕವಿದ್ದರೂ ಗಿಡವು ಅದನ್ನು ನೇರವಾಗಿ ಬಳಸಲಾರದು. ಗಂಟಿನೊಳಗೆ ವಾಸಿಸುವ ರೈಜೋಬಿಯಂ ಎಂಬ ಬ್ಯಾಕ್ಟೀರಿಯವು ಅದನ್ನು ಗಿಡಕ್ಕೆ ಒಗ್ಗುವ ಗೊಬ್ಬರವಾಗಿ ಮಾರ್ಪಡಿಸುತ್ತದೆ. ಪ್ರತಿಯಾಗಿ ಗಿಡವು ಅದಕ್ಕೆ ಆಹಾರವನ್ನೂ ಆಶ್ರಯವನ್ನೂ ನೀಡುತ್ತದೆ. ಈ ಸಂಗತಿಯನ್ನು 1888ರಲ್ಲಿ ಜರ್ಮನಿಯ ಹೆಲ್‌ರೀಗಲ್ ಮತ್ತು ವಿಲ್ಫಾರ್ತ್ ಎಂಬ ವಿಜ್ಞಾನಿಗಳು ಸ್ಥಾಪಿಸಿದರು. ಗಿಡವು ಸಿಕ್ಕಿದ ಬ್ಯಾಕ್ಟೀರಿಯವನ್ನೆಲ್ಲ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಬೇರು ಹೊರಸೂಸುವ ರಾಸಾಯನಿಕ ಸಂಕೇತಕ್ಕೆ ತಕ್ಕ ಉತ್ತರ ಕೊಟ್ಟವಕ್ಕೆ ಮಾತ್ರ ಬಾಗಿಲು ತೆರೆಯುತ್ತದೆ. ಯೂರಿಯವನ್ನು ಅತಿಯಾಗಿ ಹಾಕಿದರೆ ಗಂಟುಗಳು ಕಡಮೆಯಾಗುತ್ತವೆ.

ತಾಯಿಯ ಹಾಲಿನಲ್ಲಿ

ಇಂತಹುದೇ ಏರ್ಪಾಡು ತಾಯಿ ಮಕ್ಕಳಲ್ಲಿಯೂ ಇದೆ. ಎದೆಹಾಲಿನಲ್ಲಿ ಮಗುವಿಗೆ ಜೀರ್ಣವಾಗದ ಕೆಲವು ವಿಶೇಷ ಸಕ್ಕರೆಗಳಿವೆ. ಜೀರ್ಣವಾಗದ ಪದಾರ್ಥ ಹಾಲಿನಲ್ಲೇಕೆ? ಮಗುವಿನ ಕರುಳಿನಲ್ಲಿ ನೆಲಸುವ ಬಿಫಿಡೊಬ್ಯಾಕ್ಟೀರಿಯಂ ಎಂಬ ಉಪಕಾರಿ ಬ್ಯಾಕ್ಟೀರಿಯಕ್ಕೆ ಅದೇ ಆಹಾರ. ಎದೆಹಾಲುಣ್ಣುವ ಶಿಶುಗಳ ಮಲದಲ್ಲಿ ಇದನ್ನು ಮೊದಲು ಗುರುತಿಸಿದವರು ಪ್ಯಾರಿಸಿನ ಪಾಶ್ಚರ್ ಸಂಸ್ಥೆಯ ಹೆನ್ರಿ ಟಿಸಿಯೆ. ಅದು ಕರುಳಿನಲ್ಲಿ ಆಮ್ಲವನ್ನು ಉಂಟುಮಾಡಿ ರೋಗಾಣುಗಳು ಬೇರೂರದಂತೆ ತಡೆಯುತ್ತದೆ.

ಹೀಗಿರಲು, ಹೆರಿಗೆಯಾದೊಡನೆ ಬರುವ ಹಳದಿ ಹಾಲನ್ನು ಹಿಂಡಿ ಚೆಲ್ಲುವುದು, ಸಕ್ಕರೆ ನೀರು, ಜೇನುತುಪ್ಪ, ಹರಳೆಣ್ಣೆ ನೆಕ್ಕಿಸುವುದು ಎಷ್ಟು ಹಾನಿಕರವೆಂಬುದನ್ನು ತಾವೇ ಯೋಚಿಸಿರಿ. ಹುಟ್ಟಿದ ಒಂದು ಗಂಟೆಯೊಳಗೆ ಮಗುವಿಗೆ ಎದೆಹಾಲು ಕೊಡಬೇಕು. ಆರು ತಿಂಗಳು ತುಂಬುವವರೆಗೆ ನೀರನ್ನೂ ಕೊಡಬೇಕಾಗಿಲ್ಲ. ಮನೆಯ ಹಿರಿಯರಿಗೆ ಈ ಮಾತನ್ನು ವಿನಯದಿಂದ ತಿಳಿಯಹೇಳುವ ಹೊಣೆ ಗಂಡನದು.

ಒಡಿಶಾದ ಹಳ್ಳಿಗಳಲ್ಲಿ 4,556 ನವಜಾತ ಶಿಶುಗಳ ಮೇಲೆ ನಡೆದ ಪ್ರಯೋಗದ ಫಲಿತಾಂಶ 2017ರಲ್ಲಿ ಪ್ರಕಟವಾಯಿತು. ಗಿಡಗಳ ಮೇಲೂ ವಾಸಿಸುವ ಲ್ಯಾಕ್ಟೊಬ್ಯಾಸಿಲಸ್ ಪ್ಲಾಂಟಾರಮ್ ಎಂಬ ಬ್ಯಾಕ್ಟೀರಿಯವನ್ನು, ಅದಕ್ಕೆ ಆಹಾರವಾಗುವ ಸಕ್ಕರೆಯೊಡನೆ, ಎದೆಹಾಲುಣ್ಣುವ ಶಿಶುಗಳಿಗೆ ಏಳು ದಿನ ಕೊಡಲಾಯಿತು. ರಕ್ತದ ನಂಜು ಹಾಗೂ ಮರಣ, ಅದನ್ನು ಪಡೆಯದವರಲ್ಲಿ ಶೇಕಡ 9 ಇದ್ದರೆ, ಪಡೆದವರಲ್ಲಿ ಶೇಕಡ 5.4 ಇತ್ತು. ಇದು ವೈದ್ಯರ ನಿಗಾದಲ್ಲಿ ನಡೆದ ಪ್ರಯೋಗ. ಇದನ್ನು ಕೇಳಿ ಯಾರೂ ಹಸುಗೂಸಿಗೆ ಮೊಸರನ್ನಾಗಲಿ, ಅಂಗಡಿಯ ಪುಡಿಯನ್ನಾಗಲಿ ಕೊಡಬಾರದು.

ಕಾರ್ಖಾನೆಗೆ ಹೋಗುವ ತಾಯಿ

ದುಡಿಮೆಯ ಕಾರಣದಿಂದ ಎದೆಹಾಲು ಬಿಡಿಸುವುದು ಅನಿವಾರ್ಯವಲ್ಲ. 2017ರ ಕಾನೂನು ತಿದ್ದುಪಡಿಯು ಮೊದಲ ಎರಡು ಮಕ್ಕಳ ಹೆರಿಗೆಗೆ ಸಂಬಳಸಹಿತ ರಜೆಯನ್ನು 12 ವಾರಗಳಿಂದ 26 ವಾರಗಳಿಗೆ ಏರಿಸಿತು. 50 ಅಥವಾ ಹೆಚ್ಚು ಮಂದಿ ದುಡಿಯುವೆಡೆ ಶಿಶುಪಾಲನಾ ಕೇಂದ್ರವಿರಬೇಕೆಂದೂ ವಿಧಿಸಿತು. ಕೆಲಸದ ವೇಳೆಯಲ್ಲಿ ತಾಯಿಯು ಕೈ ತೊಳೆದು, ಕುದಿಸಿ ಶುಚಿಗೊಳಿಸಿದ ಪಾತ್ರೆಗೆ ಹಾಲು ಹಿಂಡಿ, ಮುಚ್ಚಿ, ತಂಪಾದೆಡೆಯಲ್ಲಿ ನಾಲ್ಕು ಗಂಟೆಯವರೆಗೆ ಇಡಬಹುದು. ಅದನ್ನು ಸೀಸೆಯಲ್ಲಿ ಕುಡಿಸದೆ, ಶುಚಿಯಾದ ಒಳಲೆ ಅಥವಾ ಚಮಚದಿಂದ ಕುಡಿಸಿರಿ.

ದೊಡ್ಡವರ ಊಟ, ಔಷಧಿ

ದೊಡ್ಡವರ ಕರುಳಿಗೂ ಈ ಮಿತ್ರರು ಬೇಕು. ಬಿಡದಿಯ ತಟ್ಟೆ ಇಡ್ಲಿಯ ಹಿಟ್ಟು ಉಬ್ಬುವುದು ಬ್ಯಾಕ್ಟೀರಿಯಗಳಿಂದಲೇ. ಹಬೆಯಲ್ಲಿ ಅವು ಸಾಯುತ್ತವೆಯಾದರೂ ಹುದುಗಿದ ಆಹಾರ ಸುಲಭವಾಗಿ ಜೀರ್ಣವಾಗುತ್ತದೆ. ಮೊಸರು, ಮಜ್ಜಿಗೆಗಳಲ್ಲಿ ಅವು ಜೀವಂತವಾಗಿರುತ್ತವೆ. ಸೊಪ್ಪು, ಕಾಳು, ರಾಗಿಗಳ ನಾರು ಕರುಳಿನ ಬ್ಯಾಕ್ಟೀರಿಯಗಳಿಗೆ ಆಹಾರವಾಗುತ್ತದೆ.

ಜೀವಿರೋಧಕ ಮಾತ್ರೆಗಳು ರೋಗಾಣುವಿನೊಡನೆ ಮಿತ್ರರನ್ನೂ ಕೊಲ್ಲುತ್ತವೆ. ಆದುದರಿಂದ ವೈದ್ಯರ ಚೀಟಿಯಿಲ್ಲದೆ ಅವನ್ನು ಕೊಳ್ಳಬಾರದು. ವೈದ್ಯರು ಬರೆದುಕೊಟ್ಟಾಗ ಹೇಳಿದಷ್ಟು ದಿನ ತಪ್ಪದೆ ನುಂಗಬೇಕು. ಮಗುವಿಗೆ ಭೇದಿಯಾದರೆ ಎದೆಹಾಲನ್ನು ನಿಲ್ಲಿಸದೆ, ಆಶಾ ಕಾರ್ಯಕರ್ತೆಯಿಂದ ಓ.ಆರ್.ಎಸ್. ಪೊಟ್ಟಣ ಮತ್ತು ಸತುವಿನ ಮಾತ್ರೆ ಪಡೆಯಿರಿ. ಮಲದಲ್ಲಿ ರಕ್ತ ಕಂಡರೆ, ಮಗು ಮಂಕಾದರೆ, ಹಾಲು ಕುಡಿಯದಿದ್ದರೆ ಒಡನೆಯೇ ಆಸ್ಪತ್ರೆಗೆ ಕೊಂಡೊಯ್ಯಿರಿ.

ಬಿತ್ತುವ ಮುನ್ನ ಬೀಜಕ್ಕೆ ರೈಜೋಬಿಯಂ ಲೇಪಿಸಿ ನೆರಳಿನಲ್ಲಿ ಆರಿಸುವ ರೈತನು ಕಣ್ಣಿಗೆ ಕಾಣದ ಜೀವಿಯನ್ನು ನಂಬಿ ನಡೆಯುತ್ತಾನೆ. ಅದೇ ನಂಬಿಕೆಯನ್ನು ತೊಟ್ಟಿಲ ವಿಷಯದಲ್ಲಿಯೂ ತೋರಬೇಕೆಂದು ಕೋರಿ, ನನ್ನ ಮಾತುಗಳನ್ನು ಮುಗಿಸುತ್ತೇನೆ.