ಹಲಸಿಯ ತಾಮ್ರಪಟವೂ ಜಗತ್ತಿನ ತತ್ತ್ವಜ್ಞಾನವೂ

(ಹಲಸಿಯಲ್ಲಿ ನೆರೆದ ಶಿಕ್ಷಕರ ಸಭೆಯಲ್ಲಿ ಮಾಡಿದ ಭಾಷಣ)



ತತ್ತ್ವಜ್ಞಾನವನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದು ತಾವು ಅಪ್ಪಣೆ ಮಾಡಿದಾಗ ನಾವು ಹಿಂದುಮುಂದು ನೋಡಿದೆವು. ನಮ್ಮ ಕಸಬು ವಕೀಲಿ. ಕಾಲೇಜಿನಲ್ಲಿ ಓದಿದ ತತ್ತ್ವಜ್ಞಾನವು ದಾವೆಯ ಕಾಗದಗಳ ಅಡಿಯಲ್ಲಿ ಸಿಕ್ಕಿಕೊಂಡು ಬಹಳ ದಿನಗಳಾದವು. ಆದರೆ ಸಭೆಯು ಹಲಸಿಯಲ್ಲಿ ಎಂದು ಕೇಳಿದೊಡನೆ ಸಂಕೋಚವು ಹೋಯಿತು. ಯಾಕೆಂದರೆ ಇಂದು ದೊಡ್ಡ ದೊಡ್ಡ ವಿದ್ಯಾಪೀಠಗಳಲ್ಲಿ ತತ್ತ್ವಜ್ಞಾನಿಗಳೊಳಗೆ ನಡೆದಿರುವ ಒಂದು ವ್ಯಾಜ್ಯಕ್ಕೆ ಬೇಕಾದ ಹಳೆಯ ದಸ್ತಾವೇಜು ಈ ಊರ ಮಣ್ಣಿನಲ್ಲಿಯೇ ದೊರೆತಿರುವದು.

ವ್ಯಾಜ್ಯವೇನೆಂಬದನ್ನು ಮೊದಲು ಹೇಳುವೆವು. ಯುರೋಪ ಅಮೇರಿಕಗಳ ಬಹುತೇಕ ವಿದ್ಯಾಪೀಠಗಳಲ್ಲಿ ತತ್ತ್ವಜ್ಞಾನವೆಂದರೆ ಗ್ರೀಸದಲ್ಲಿ ಹುಟ್ಟಿ ಜರ್ಮನಿ ಇಂಗ್ಲಂಡಗಳಲ್ಲಿ ಬೆಳೆದುದು. ಹಿಂದುಸ್ತಾನ, ಚೀನ, ಆಫ್ರಿಕಗಳ ವಿಚಾರಗಳನ್ನು ಧರ್ಮಶಾಖೆಗೋ ಭಾಷಾಶಾಖೆಗೋ ದಾಟಿಸಿಬಿಡುವರು. 2016ನೆಯ ಇಸವಿಯ ಮೇ ತಿಂಗಳಲ್ಲಿ ಜೇ ಗಾರ್ಫೀಲ್ಡ ಮತ್ತು ಬ್ರಾಯನ್ ವ್ಯಾನ್ ನಾರ್ಡನ್ ಎಂಬ ಇಬ್ಬರು ಅಮೇರಿಕನ್ ಪ್ರಾಧ್ಯಾಪಕರು ‘ನ್ಯೂಯಾರ್ಕ್ ಟೈಮ್ಸ’ ಪತ್ರಿಕೆಯಲ್ಲಿ ಇದನ್ನು ಬಹಿರಂಗವಾಗಿಯೇ ಎತ್ತಿದರು. ಒಂದೇ ಪರಂಪರೆಯನ್ನು ಕಲಿಸತಕ್ಕ ಶಾಖೆಗಳು ತಮ್ಮನ್ನು ಬರಿಯ ‘ತತ್ತ್ವಜ್ಞಾನ ಶಾಖೆ’ ಎಂದು ಕರೆದುಕೊಳ್ಳಬಾರದು, ‘ಯುರೋಪ-ಅಮೇರಿಕದ ತತ್ತ್ವಜ್ಞಾನ ಶಾಖೆ’ ಎಂದು ಹಲಗೆ ಹಾಕಿಕೊಳ್ಳಲಿ ಎಂಬುದು ಅವರ ವಾದ. ಇದಕ್ಕೆ ಎದುರು ಪಕ್ಷದವರ ಉತ್ತರವು ನಮಗೆಲ್ಲ ಪರಿಚಿತವಾದುದೇ: ಪೂರ್ವದಲ್ಲಿ ಭಕ್ತಿಯುಂಟು, ಸುಭಾಷಿತಗಳುಂಟು, ಆದರೆ ಕಾರಣಕ್ಕೆ ಕಾರಣ ಕೊಟ್ಟು ನಡೆಯಿಸಿದ ತರ್ಕವೆಲ್ಲಿ, ಎಂದು.

ಎದುರಾಳಿಯ ಕೈಫಿಯತ್ತನ್ನು ಓದದೆ ಕೊಟ್ಟ ನಿರ್ಣಯಕ್ಕೆ ನಮ್ಮ ಕೋರ್ಟುಗಳಲ್ಲಿ ಏಕತರ್ಫಾ ಎನ್ನುವರು. ಮೇಲಿನ ಉತ್ತರವು ಅಂಥದು. ಆದುದರಿಂದ ಕೈಫಿಯತ್ತನ್ನು ಓದೋಣ.

ಈ ಊರು ಕದಂಬರ ಕಾಲದ ಪಲಾಶಿಕಾ, ಅವರ ಎರಡನೆಯ ರಾಜಧಾನಿ. ಊರ ಹೊರಗೆ ಚಕ್ರತೀರ್ಥವೆಂಬ ಸಣ್ಣ ಬಾವಿಯ ಬಳಿಯ ಮಣ್ಣಿನ ದಿಬ್ಬದಲ್ಲಿ ಸಿಕ್ಕ ತಾಮ್ರಪಟಗಳನ್ನು ಫ್ಲೀಟ ಸಾಹೇಬರು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಓದಿ ಪ್ರಕಟಿಸಿದರು. ಅವುಗಳಲ್ಲೊಂದು ಮೃಗೇಶವರ್ಮನದು. ಆತನು ತನ್ನ ತಂದೆ ಶಾಂತಿವರ್ಮನ ಸ್ಮರಣೆಗಾಗಿ ಪಲಾಶಿಕಾದಲ್ಲಿ ಜಿನಾಲಯವನ್ನು ಕಟ್ಟಿಸಿ, 33 ನಿವರ್ತನ ಭೂಮಿಯನ್ನು ಯಾಪನೀಯರು, ನಿರ್ಗ್ರಂಥರು, ಕೂರ್ಚಕರು ಎಂಬ ಮೂರು ಪಂಗಡಗಳಿಗೆ ಕೂಡಿಯೇ ಕೊಟ್ಟನು. ಅವನ ಮಗ ರವಿವರ್ಮನು ಕಾರ್ತಿಕ ಮಾಸದಲ್ಲಿ ಎಂಟು ದಿನಗಳ ಜಿನೋತ್ಸವವನ್ನು ಗೊತ್ತುಪಡಿಸಿ, ಮಳೆಗಾಲದ ನಾಲ್ಕು ತಿಂಗಳು ತಪಸ್ವಿಗಳಿಗೆ ಆಹಾರದ ವ್ಯವಸ್ಥೆ ಮಾಡಿದನು. ಖಾನಾಪುರದ ಮಳೆಯನ್ನು ಬಲ್ಲ ತಮಗೆ ಆ ನಾಲ್ಕು ತಿಂಗಳ ಅರ್ಥವನ್ನು ನಾವು ಹೇಳಬೇಕಾಗಿಲ್ಲ. ಹೊರಗೆ ಕಾಲಿಡಲಾಗದ ಆ ದಿನಗಳಲ್ಲಿ ಅವರು ಓದಿರಬೇಕು, ವಾದಿಸಿರಬೇಕು.

ಈ ಯಾಪನೀಯರು ಯಾರು? ನಿರ್ಗ್ರಂಥರಂತೆ ನಗ್ನರಾಗಿ ಇರುತ್ತಿದ್ದರು; ಆದರೆ ಸ್ತ್ರೀಗೂ ಆ ಜನ್ಮದಲ್ಲಿಯೇ ಮೋಕ್ಷವುಂಟೆಂದು ಶ್ವೇತಾಂಬರರಂತೆ ಹೇಳುತ್ತಿದ್ದರು. ಪರಮತದಲ್ಲಿದ್ದವನಿಗೂ ಮುಕ್ತಿಯುಂಟೆಂಬುದು ಅವರ ಮತವೆಂದು ಎದುರಾಳಿಗಳೇ ಬರೆದಿಟ್ಟಿರುವರು. ಕರ್ನಾಟಕದಲ್ಲಿ ಅನೇಕ ಶತಮಾನ ಬಾಳಿದ ಈ ಪಂಗಡವು ಕೊನೆಗೆ ಹೆಸರಿಲ್ಲದಂತೆ ಕರಗಿಹೋಯಿತು.

ಒಂಬತ್ತನೆಯ ಶತಮಾನದಲ್ಲಿ, ‘ಕವಿರಾಜಮಾರ್ಗ’ವು ಹುಟ್ಟಿದ ಅಮೋಘವರ್ಷನ ಕಾಲದಲ್ಲಿಯೇ, ಶಾಕಟಾಯನನೆಂದು ಪ್ರಸಿದ್ಧನಾದ ಪಾಲ್ಯಕೀರ್ತಿಯೆಂಬ ವೈಯಾಕರಣನಿದ್ದನು. ಆತನು ಯಾಪನೀಯನು. ಸ್ತ್ರೀಯ ಮೋಕ್ಷವನ್ನು ಕುರಿತು ಒಂದು ಪ್ರಕರಣ ಗ್ರಂಥವನ್ನೇ ಬರೆದನು. ಅದರ ವಾದದ ಸರಣಿಯನ್ನು ತಾವು ನೋಡಬೇಕು.

ಪ್ರತಿಪಕ್ಷದವನು ಹೇಳುವನು: ಸ್ತ್ರೀಯು ವಸ್ತ್ರವನ್ನು ಬಿಡಲಾರಳು, ವಸ್ತ್ರವು ಪರಿಗ್ರಹ, ಪರಿಗ್ರಹವಿದ್ದಲ್ಲಿ ಮೋಕ್ಷವಿಲ್ಲ. ಶಾಕಟಾಯನನು ಕೇಳುವನು: ಪರಿಗ್ರಹವೆಂದರೆ ವಸ್ತುವೋ, ವಸ್ತುವಿನ ಮೇಲಣ ಆಸಕ್ತಿಯೋ? ವಸ್ತುವೇ ಆದರೆ ಮುನಿಯ ಕೈಯಲ್ಲಿರುವ ಪಿಂಛವೂ ಪರಿಗ್ರಹವಾಗಬೇಕು. ಆಸಕ್ತಿಯಾದರೆ, ಆಸಕ್ತಿಯಿಲ್ಲದೆ ಉಟ್ಟ ಬಟ್ಟೆಯು ಅಡ್ಡಿಯಾಗದು. ಪ್ರತಿಪಕ್ಷದವನು ಮತ್ತೆ ಹೇಳುವನು: ಸ್ತ್ರೀಯು ಏಳನೆಯ ನರಕಕ್ಕೆ ಇಳಿಯಲಾರಳೆಂದು ಆಗಮವು ಹೇಳುವದು, ಅಷ್ಟು ಕೆಳಗೆ ಇಳಿಯುವ ಶಕ್ತಿಯಿಲ್ಲದವಳಿಗೆ ಅಷ್ಟು ಮೇಲೇರುವ ಶಕ್ತಿಯೆಲ್ಲಿಯದು? ಉತ್ತರ: ಇಳಿಯುವದಕ್ಕೂ ಏರುವದಕ್ಕೂ ವ್ಯಾಪ್ತಿಯೇ ಇಲ್ಲ. ಬೇರೆ ಬೇರೆ ನರಕದವರೆಗೆ ಮಾತ್ರ ಇಳಿಯಬಲ್ಲ ಪ್ರಾಣಿಗಳು ಮೇಲೇರುವಾಗ ಒಂದೇ ಸ್ವರ್ಗಕ್ಕೆ ಏರುವವೆಂದು ನೀವೂ ಒಪ್ಪಿರುವಿರಲ್ಲ! ಮೋಕ್ಷಕ್ಕೆ ಕಾರಣವು ರತ್ನತ್ರಯ; ಅದು ಸ್ತ್ರೀತ್ವಕ್ಕೆ ವಿರುದ್ಧವೆಂಬುದಕ್ಕೆ ಪ್ರಮಾಣವನ್ನು ತೋರಿಸಬೇಕಾದ ಭಾರವು ನಿಮ್ಮ ಮೇಲಿರುವದು.

ಮಹನೀಯರೇ, ಇದು ತರ್ಕವಲ್ಲದಿದ್ದರೆ ತರ್ಕವು ಯಾವದು? ಸಾಕ್ಷಿಭಾರವು ಯಾರ ಮೇಲೆಂದು ಕೇಳುವ ಪ್ರಶ್ನೆಯನ್ನು ನಾವು ನಿತ್ಯವೂ ಕೋರ್ಟಿನಲ್ಲಿ ಕೇಳುವೆವು. ಹನ್ನೊಂದನೆಯ ಶತಮಾನದ ದಿಗಂಬರಾಚಾರ್ಯ ಪ್ರಭಾಚಂದ್ರನು ಇದಕ್ಕೆ ‘ನ್ಯಾಯಕುಮುದಚಂದ್ರ’ದಲ್ಲಿ ಮರುತ್ತರ ಕೊಟ್ಟನು, ಅವನೂ ಎದುರಾಳಿಯ ವಾದವನ್ನು ಮೊದಲು ಎತ್ತಿಕೊಂಡು ಆ ಮೇಲೆ ಖಂಡಿಸಿದನು. ಪೂರ್ವಪಕ್ಷವೆಂದರೆ ಇದೇ.

ಈ ಕಡತವು ಮರಳಿ ಬೆಳಕಿಗೆ ಬಂದ ಕಥೆಯಲ್ಲಿ ಕನ್ನಡ ನಾಡಿನವರ ಪಾಲು ದೊಡ್ಡದು. ಚಿಕ್ಕೋಡಿ ಕಡೆಯ ಸದಲಗದಲ್ಲಿ 1906ರಲ್ಲಿ ಹುಟ್ಟಿದ ಡಾ. ಆ. ನೇ. ಉಪಾಧ್ಯೆಯವರು ಯಾಪನೀಯ ಸಂಘದ ಇತಿಹಾಸವನ್ನು ಶಾಸನಗಳಿಂದ ಹೆಕ್ಕಿ ತೆಗೆದರು. 1974ರಲ್ಲಿ ಮುನಿ ಜಂಬೂವಿಜಯರು ಶಾಕಟಾಯನನ ಪ್ರಕರಣವನ್ನು ಸಂಶೋಧಿಸಿ ಅಚ್ಚು ಹಾಕಿಸಿದರು. ಮೂಡಬಿದಿರೆಯ ಬಳಿಯ ನೆಲ್ಲಿಕಾರಿನಲ್ಲಿ 1923ರಲ್ಲಿ ಜನಿಸಿ ಕ್ಯಾಲಿಫೋರ್ನಿಯದ ಬರ್ಕಲಿ ವಿದ್ಯಾಪೀಠದಲ್ಲಿ ಪ್ರಾಧ್ಯಾಪಕರಾಗಿದ್ದ ಪದ್ಮನಾಭ ಜೈನಿಯವರು ಆ ವಾದ-ಪ್ರತಿವಾದಗಳನ್ನೆಲ್ಲ ಇಂಗ್ಲಿಷಿಗೆ ತಂದು 1991ರಲ್ಲಿ ಪ್ರಕಟಿಸಿದರು. ಅವರು ತಾವು ದಿಗಂಬರ ಮನೆತನದಲ್ಲಿ ಹುಟ್ಟಿದವರಾದರೂ ಎದುರು ಪಕ್ಷದ ಮಾತನ್ನು ಪೂರ್ತಿಯಾಗಿ ಜಗತ್ತಿನ ಮುಂದಿಟ್ಟರು. ಹಲಸಿಯಲ್ಲಿ ಭೂಮಿ ಪಡೆದವರ ವಾದವು ಹೀಗೆ ಬರ್ಕಲಿಯ ತರಗತಿಗೆ ಹೋಯಿತು.

ಆದರೆ ಇಷ್ಟನ್ನು ಹೇಳಿ ಚಪ್ಪಾಳೆ ತಟ್ಟಿ ಮನೆಗೆ ಹೋದರೆ ನಾವು ಕೆಟ್ಟೆವು. ಕಡತವನ್ನು ಪೂರ್ತಿ ತಿರುವಿ ಹಾಕಿರಿ: ವಾದವೆಲ್ಲ ಸ್ತ್ರೀಯ ಮೋಕ್ಷದ ವಿಷಯವಾಗಿ, ವಾದಿಯೂ ಮುನಿ, ಪ್ರತಿವಾದಿಯೂ ಮುನಿ. ಯಾವಳ ಹಕ್ಕಿನ ಪ್ರಶ್ನೆಯಿತ್ತೋ ಅವಳ ಜಬಾನಿಯೇ ಇಲ್ಲ. ಪಶ್ಚಿಮದವರು ನಮ್ಮನ್ನು ಕೇಳಲಿಲ್ಲವೆಂದು ನಾವು ಆಕ್ಷೇಪಿಸುವಾಗ, ನಾವು ಯಾರನ್ನು ಕೇಳಲಿಲ್ಲವೆಂಬುದನ್ನೂ ವಿಚಾರಿಸತಕ್ಕದ್ದು. ಎರಡನೆಯದಾಗಿ, ಹಲಸಿಯ ಈ ಸಂಗತಿಯನ್ನು ನಾವೂ ಜೈನಿಯವರ ಇಂಗ್ಲಿಷ ಪುಸ್ತಕದಿಂದಲೇ ತಿಳಿದೆವೆಂದು ಒಪ್ಪಿಕೊಳ್ಳಲೇಬೇಕು.

ಬಂಗಾಲದ ತತ್ತ್ವಜ್ಞ ಕೃಷ್ಣಚಂದ್ರ ಭಟ್ಟಾಚಾರ್ಯರು ‘ವಿಚಾರಗಳಲ್ಲಿ ಸ್ವರಾಜ್ಯ’ವೆಂಬ ಭಾಷಣದಲ್ಲಿ ಎಚ್ಚರಿಸಿದ್ದುದು ಇದನ್ನೇ. ಪರಕೀಯ ವಿಚಾರವನ್ನು ಸ್ವೀಕರಿಸುವದು ದಾಸ್ಯವಲ್ಲ. ನಮ್ಮದರೊಡನೆ ಹೋಲಿಸಿ ತೂಗದೆ ಸ್ವೀಕರಿಸುವದು ದಾಸ್ಯ. ನಾಡು 1947ರಲ್ಲಿ ಸ್ವತಂತ್ರವಾಯಿತು, ಕನ್ನಡ ಪ್ರಾಂತವು 1956ರಲ್ಲಿ ಒಂದಾಯಿತು. ಈ ಮೂರನೆಯ ಸ್ವರಾಜ್ಯವು ಗೆಜೆಟಿನಿಂದ ಬರತಕ್ಕದ್ದಲ್ಲ.

ಹಾಗಾದರೆ ಮಾಡುವದೇನು? 1983ರಲ್ಲಿ ಪುಣೆಯಲ್ಲಿ ದಯಾಕೃಷ್ಣರೇ ಮೊದಲಾದವರು ಒಂದು ಪ್ರಯೋಗ ಮಾಡಿದರು. ಆಧುನಿಕ ತತ್ತ್ವಜ್ಞಾನದ ಪ್ರಾಧ್ಯಾಪಕರನ್ನೂ ಸಂಸ್ಕೃತ ಪಂಡಿತರನ್ನೂ ಎದುರುಬದುರು ಕೂಡಿಸಿ, ರಸೆಲ್ಲನ ತರ್ಕವಿಚಾರವನ್ನು ಸಂಸ್ಕೃತದಲ್ಲಿ ನೈಯಾಯಿಕರ ಮುಂದಿಟ್ಟರು. ಪಂಡಿತರು ಬೆರಗಾಗಿ ಕೂಡಲಿಲ್ಲ, ಪ್ರಶ್ನೆ ಕೇಳಿದರು. ಘಾನಾ ದೇಶದ ಕ್ವಾಸಿ ವೈರೆಡು ಎಂಬ ತತ್ತ್ವಜ್ಞರು (1931–2022) ಇನ್ನೂ ಸುಲಭವಾದ ದಾರಿಯನ್ನು ತೋರಿಸಿದರು: ಯಾವ ಸಿದ್ಧಾಂತ ಬಂದರೂ ಅದನ್ನು ನಿನ್ನ ತಾಯ್ನುಡಿಯಲ್ಲಿ ಹೇಳಿ ನೋಡು. ‘ಸತ್ಯವೆಂದರೆ ವಸ್ತುಸ್ಥಿತಿಗೆ ಹೊಂದುವದು’ ಎಂಬ ಪಾಶ್ಚಾತ್ಯ ಸಿದ್ಧಾಂತವು ತಮ್ಮ ಆಕಾನ್ ಭಾಷೆಯಲ್ಲಿ ಹೇಳಿದರೆ ‘ಇದ್ದದ್ದು ಇದ್ದಂತಿದೆ’ ಎಂಬ ಪುನರುಕ್ತಿಯಾಗಿ ಬಿಡುವದೆಂದು ಅವರು ತೋರಿಸಿದರು.

ಶಿಕ್ಷಕ ಬಂಧುಗಳೇ, ಈ ಪರೀಕ್ಷೆಗೆ ವಿದ್ಯಾಪೀಠವು ಬೇಕಿಲ್ಲ, ತಮ್ಮ ಶಾಲೆಯೇ ಸಾಕು. ನಮ್ಮಲ್ಲಿ ಸತ್ಯವುಂಟು, ನಿಜವುಂಟು, ಈ ಭಾಗದಲ್ಲಿ ಖರೆಯುಂಟು. ‘ಸತ್’ ಎಂಬ ಇರುವಿಕೆಯಿಂದ ಸತ್ಯ ಬಂದಿತು. ನಿಜಕ್ಕೆ ಸಂಸ್ಕೃತದಲ್ಲಿ ‘ತನ್ನದು’ ಎಂದರ್ಥ. ಮೂರೂ ಒಂದೆಯೋ, ಒಂದು ಇದ್ದಲ್ಲಿ ಇನ್ನೊಂದು ಸಲ್ಲುವದೋ, ಎಂದು ಮಕ್ಕಳನ್ನು ಕೇಳಿರಿ. ಮನೆಯಲ್ಲಿ ಮರಾಠಿ ಕೊಂಕಣಿ ಆಡತಕ್ಕ ಮಕ್ಕಳು ತಮ್ಮಲ್ಲಿ ಅನೇಕರಿರುವರು; ಅವರ ಶಬ್ದಗಳನ್ನೂ ಕೇಳಿರಿ. ಜಮಖಂಡಿಯಲ್ಲಿ ಹುಟ್ಟಿದ ಗುರುದೇವ ರಾನಡೆಯವರು ಮಹಾರಾಷ್ಟ್ರದ ಸಂತರ ಮೇಲೂ ಕನ್ನಡದ ಅನುಭಾವಿಗಳ ಮೇಲೂ ಗ್ರಂಥ ಬರೆದರು. ತೌಲನಿಕ ತತ್ತ್ವಜ್ಞಾನಕ್ಕಾಗಿ ಅವರು ಸ್ಥಾಪಿಸಿದ ಸಂಸ್ಥೆಯು ಬೆಳಗಾವಿಯಲ್ಲಿಯೇ ಇರುವದು. ಎರಡು ಭಾಷೆಗಳ ಗಡಿಯಲ್ಲಿರುವದು ಜಗಳಕ್ಕೆ ಮಾತ್ರ ಸಾಧನವೆಂದು ಯಾಕೆ ತಿಳಿಯಬೇಕು?

ಕೊನೆಗೊಂದು ವಿನಂತಿ. ಈ ಊರ ಗುಡಿಯಲ್ಲಿ ಭೂವರಾಹನೂ ನರಸಿಂಹನೂ ಎರಡು ಗರ್ಭಗುಡಿಗಳಲ್ಲಿ ಎದುರುಬದುರಾಗಿ ನಿಂತಿರುವದನ್ನು ತಮ್ಮ ವಿದ್ಯಾರ್ಥಿಗಳು ದಿನಾಲು ನೋಡುವರು. ಮುಂದಿನ ಸಲ ಅವರನ್ನು ಅಲ್ಲಿಗೆ ಕರೆದೊಯ್ದಾಗ ಚಕ್ರತೀರ್ಥದ ಕಡೆಗೂ ಕರೆದೊಯ್ಯಿರಿ. ಮೂರು ಪಂಗಡಗಳಿಗೆ ಭೂಮಿ ಸಿಕ್ಕ ಕಥೆಯನ್ನೂ, ಆ ಪಂಗಡಗಳು ಪರಸ್ಪರ ಒಪ್ಪದೆ ಮಾಡಿದ ವಾದವನ್ನೂ ಹೇಳಿರಿ. ಆ ಮೇಲೆ ಮಕ್ಕಳನ್ನು ಎರಡು ಸಾಲಾಗಿ ನಿಲ್ಲಿಸಿ, ಶಾಕಟಾಯನನ ಪಕ್ಷವನ್ನು ಒಂದು ಸಾಲಿಗೂ ಪ್ರಭಾಚಂದ್ರನ ಪಕ್ಷವನ್ನು ಇನ್ನೊಂದಕ್ಕೂ ಕೊಟ್ಟು, ಕನ್ನಡದಲ್ಲಿ ವಾದ ಮಾಡಿಸಿರಿ. ನಿಬಂಧನೆ ಒಂದೇ ಇರಲಿ: ಎದುರಾಳಿಯು ಹೇಳಿದ್ದನ್ನು ಅವನು ‘ಹೌದು, ನಾನು ಹೇಳಿದ್ದು ಇದೇ’ ಎಂದು ಒಪ್ಪುವ ಹಾಗೆ ಮೊದಲು ಹೇಳಿ ತೋರಿಸಿದ ಹೊರತು ಯಾರೂ ಉತ್ತರ ಕೊಡತಕ್ಕದ್ದಲ್ಲ. ಮತ್ತು ಮೊದಲ ಮಾತು ಒಬ್ಬ ಹುಡುಗಿಯದಾಗಲಿ.