ಪಾಯಸಕ್ಕೆ ಬಿದ್ದ ಕಾಳು

ಪ್ರತಿ ವರ್ಷ ಸೆಪ್ಟೆಂಬರ್ 8ಕ್ಕೆ ಮೊಂತಿ ಹಬ್ಬ. ಮಂಗಳೂರು, ಉಡುಪಿ ಕಡೆಯ ಕಥೋಲಿಕರ ಮನೆಗಳಲ್ಲಿ ಇಗರ್ಜಿಯಿಂದ ಬಂದ ತೆನೆ ಹಬ್ಬದ ನಂತರ ದೇವರ ಪೀಠದ ಬಳಿ ಒಣಗುತ್ತದೆ. ಮಾತೆ ಮರಿಯಮ್ಮನವರ ಹುಟ್ಟುಹಬ್ಬದಂದು ಧರ್ಮಗುರುಗಳು ಆಶೀರ್ವದಿಸಿ ಮನೆಮನೆಗೆ ಕೊಟ್ಟ ತೆನೆ ಅದು. ಅದರಿಂದ ಕೆಲವು ಕಾಳು ಬಿಡಿಸಿ, ಸಿಪ್ಪೆ ಸುಲಿದು, ಪುಡಿ ಮಾಡಿ ಹಾಲಿಗೋ ಪಾಯಸಕ್ಕೋ ಸೇರಿಸುತ್ತಾರೆ. ಹೊಸ ಬೆಳೆಯ ಈ ಊಟವನ್ನು ನೆರೆಯವರು ಹೊಸ್ತು ಎಂದರೆ ಇವರು ನೊವೆಂ ಎನ್ನುತ್ತಾರೆ. ದೂರದ ಊರಿನ ಮಕ್ಕಳಿಗೆ ಲಕೋಟೆಯಲ್ಲಿ ಕಾಳು ಕಳಿಸುವ ರೂಢಿಯೂ ಉಂಟು. ಪಾಯಸಕ್ಕೆ ಬಿದ್ದ ಆ ನಾಲ್ಕು ಕಾಳಿನ ರುಚಿ ಯಾರ ನಾಲಿಗೆಗೂ ತಿಳಿಯದು. ಆದರೂ ಪ್ರಾರ್ಥನೆ ಮುಗಿದು ಅದು ಕೈಗೆ ಬರುವ ತನಕ ಯಾರೂ ಊಟಕ್ಕೆ ಕೂರುವುದಿಲ್ಲ. ಕ್ರೈಸ್ತರ ಬಾಯಲ್ಲಿ ಮತ್ತೆ ಮತ್ತೆ ಬರುವ ಭಯಭಕ್ತಿ ಎಂಬ ಮಾತಿನ ಅರ್ಥ, ಹೀಗೆ ತಡೆದು ನಿಲ್ಲುವ ಗಳಿಗೆಯಲ್ಲಿದೆ ಎನಿಸುತ್ತದೆ.

ತಂದೆಯೆಂದು ಕರೆಯುವ ದೇವರಲ್ಲಿ ಭಯವೇಕೆ ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಆದರೆ ಎಲ್ಲ ಭಯವೂ ಪೆಟ್ಟಿನ ಭಯವಲ್ಲ. ತುಂಬಿದ ಕೊಡ ಹೊತ್ತವರು ಹೆಜ್ಜೆ ನೋಡಿ ಇಡುತ್ತಾರೆ. ಹಸುಗೂಸನ್ನು ಮೊದಲ ಸಲ ಎತ್ತಿಕೊಂಡವರ ಕೈ ತುಸು ನಡುಗುತ್ತದೆ. ಅಲ್ಲಿ ಶಿಕ್ಷಿಸುವವರು ಯಾರೂ ಇಲ್ಲ, ಕೈಯಲ್ಲಿರುವುದರ ಬೆಲೆ ಗೊತ್ತಿದೆ ಅಷ್ಟೇ. ಯೋಹಾನನ ಸುವಾರ್ತೆಯಲ್ಲಿ ಐದು ರೊಟ್ಟಿ, ಎರಡು ಮೀನಿನಿಂದ 5,000 ಮಂದಿ ಉಂಡ ಮೇಲೆ, ಮಿಕ್ಕ ತುಂಡುಗಳು ಹಾಳಾಗದಂತೆ ಕೂಡಿಸಲು ಯೇಸುಸ್ವಾಮಿ ಶಿಷ್ಯರಿಗೆ ಹೇಳುತ್ತಾರೆ. ಅಷ್ಟು ಜನಕ್ಕೆ ಉಣಿಸಬಲ್ಲವರಿಗೆ ತುಂಡು ರೊಟ್ಟಿಯ ಚಿಂತೆ ಏಕೆ? ನಾಳೆಗೆ ಇಲ್ಲವಾದೀತು ಎಂಬ ಅಂಜಿಕೆ ಅದಾಗಿರಲಾರದು. ಧಾರಾಳವಾಗಿ ಸಿಕ್ಕಿತೆಂದು ಕೊಡುಗೆ ಅಗ್ಗವಾಗಬಾರದು ಎಂಬ ಎಚ್ಚರ ಅದು.

ಗದ್ದೆ ಇದ್ದವರಿಗೆ ತೆನೆ ಸರಿ, ಅಂಗಡಿಯಿಂದ ಅಕ್ಕಿ ಮೂಟೆ ತರುವವರಿಗೆ ಅದು ಬರೀ ಆಚಾರವಲ್ಲವೇ ಎಂಬ ಮಾತೂ ಇದೆ. ಬೇಸಾಯಗಾರರಿಗೆ ಮಳೆ ಕೈಕೊಟ್ಟ ವರ್ಷ ನೆನಪಿರುತ್ತದೆ. ಅನ್ನ ತಮ್ಮೊಬ್ಬರ ದುಡಿಮೆಯಲ್ಲವೆಂದು ಅವರಿಗೆ ಯಾರೂ ಹೇಳಿಕೊಡಬೇಕಿಲ್ಲ. ದುಡ್ಡು ಕೊಟ್ಟು ತಂದವರೇ ಅದನ್ನು ಬೇಗ ಮರೆಯುತ್ತಾರೆ. ಹಾಗಾಗಿ ತೆನೆ ಅವರಿಗೇ ಹೆಚ್ಚು ಬೇಕು. ಆಚಾರ ಒಮ್ಮೊಮ್ಮೆ ಬರಿದಾಗುತ್ತದೆ, ನಿಜ; ಆಗಲೂ ರೂಢಿ ಬಿಡಬಾರದು. 17ನೇ ಶತಮಾನದಲ್ಲಿ ಪ್ಯಾರಿಸ್‌ನ ಕಾರ್ಮೆಲ್ ಮಠದಲ್ಲಿದ್ದ ಬ್ರದರ್ ಲಾರೆನ್ಸ್ ಅವರಿಗೆ ಅಡುಗೆಮನೆಯ ಕೆಲಸ ಮೊದಲಿಂದಲೂ ಹಿಡಿಸುತ್ತಿರಲಿಲ್ಲ. ಆದರೂ ಪಾತ್ರೆಗಳ ಸದ್ದಿನ ನಡುವೆ, ಪ್ರಾರ್ಥನೆಗೆ ಕೂತಷ್ಟೇ ಸಹಜವಾಗಿ ದೇವರ ಸನ್ನಿಧಿಯಲ್ಲಿರಲು ಅವರು ವರ್ಷಗಟ್ಟಲೆ ರೂಢಿ ಮಾಡಿಕೊಂಡರು. ಮನಸ್ಸು ಬತ್ತಿದ ದಿನ ಕೈಹಿಡಿದು ನಡೆಸುವುದು ರೂಢಿಯೇ.

ಹಬ್ಬ ವರ್ಷಕ್ಕೊಮ್ಮೆ, ಅನ್ನ ದಿನಾ. ಅಕ್ಕಿ ತೊಳೆಯುವಾಗ ನೀರಿನೊಂದಿಗೆ ಜಾರುವ ಕಾಳಿನ ತನಕ, ತಟ್ಟೆಯಂಚಿನಲ್ಲಿ ಉಳಿದ ತುತ್ತಿನ ತನಕ, ಬಡಿಸಿ ಕೊನೆಗೆ ಉಣ್ಣುವವರ ತನಕ ತಡೆದು ನಿಲ್ಲುವ ಆ ಗಳಿಗೆ ಮೆಲ್ಲಗೆ ಹಬ್ಬಬಹುದು. ಶಿಷ್ಯರು ಅಂದು ಕೂಡಿಸಿದ ರೊಟ್ಟಿಯ ತುಂಡುಗಳಿಂದ ಹನ್ನೆರಡು ಬುಟ್ಟಿ ತುಂಬಿದವು. ಅವು ಆಮೇಲೆ ಯಾರ ಮನೆ ಸೇರಿದವೆಂದು ಸುವಾರ್ತೆ ಹೇಳುವುದಿಲ್ಲ.