ಮುಯ್ಯಿಗೆ ಮುಯ್ಯಿ: ಬೇಸ್‌ಬಾಲ್ ಅಂಗಳದ ಲೆಕ್ಕ



ಶಾಲೆಯ ಬಯಲಿನಲ್ಲಿ ಆಡುವಾಗ ಜಗಳವಾದರೆ ಪಿ.ಟಿ. ಮೇಷ್ಟ್ರು ಕೇಳುವ ಮೊದಲ ಪ್ರಶ್ನೆ ನಿಮಗೆ ಗೊತ್ತೇ ಇದೆ: "ಮೊದಲು ಶುರು ಮಾಡಿದವರು ಯಾರು?" ಆಗ ಎರಡೂ ಕಡೆಯವರು ಎದುರಿನವರ ಕಡೆಗೇ ಬೆರಳು ತೋರಿಸುತ್ತಾರೆ. ವಿಚಿತ್ರವೆಂದರೆ, ಬಹಳ ಸಲ ಇಬ್ಬರೂ ಸುಳ್ಳು ಹೇಳುತ್ತಿರುವುದಿಲ್ಲ. ಪ್ರತಿಯೊಬ್ಬರೂ ತಮಗೆ ಬಿದ್ದ ಏಟಿನಿಂದಲೇ ಲೆಕ್ಕ ಶುರು ಮಾಡುತ್ತಾರೆ, ಅಷ್ಟೇ.

ನಮ್ಮಲ್ಲಿ 'ಮುಯ್ಯಿ' ಎಂಬ ಮಾತಿಗೆ ಎರಡು ಮುಖಗಳಿವೆ. ಮದುವೆಯಲ್ಲಿ ಕೊಡುವ ಉಡುಗೊರೆಯೂ ಮುಯ್ಯಿ, ಸೇಡು ತೀರಿಸಿಕೊಳ್ಳುವುದೂ ಮುಯ್ಯಿ. ಮದುವೆ ಮನೆಯಲ್ಲಿ ಒಬ್ಬರು ಪುಸ್ತಕ ಹಿಡಿದು ಕುಳಿತು, ಯಾರು ಎಷ್ಟು ಕೊಟ್ಟರು ಎಂದು ಬರೆದುಕೊಳ್ಳುತ್ತಾರೆ. ಆದ್ದರಿಂದ ಮುಂದೆ ಹಿಂದಿರುಗಿಸುವಾಗ ಗೊಂದಲವಿಲ್ಲ. ಆದರೆ ಸೇಡಿನ ಮುಯ್ಯಿಗೆ ಪುಸ್ತಕ ಬರೆಯುವವರು ಯಾರು? ಈ ಪ್ರಶ್ನೆಯನ್ನು ನೂರಕ್ಕೂ ಹೆಚ್ಚು ವರ್ಷಗಳಿಂದ ಎದುರಿಸುತ್ತಿರುವ ಒಂದು ಆಟವಿದೆ. ಅದು ಅಮೆರಿಕದ ವೃತ್ತಿಪರ ಬೇಸ್‌ಬಾಲ್.

ಆಟದ ಪರಿಚಯ ಚುಟುಕಾಗಿ ಹೀಗಿದೆ. ಕ್ರಿಕೆಟ್‌ನ ಬೌಲರನ ಜಾಗದಲ್ಲಿ ಇಲ್ಲಿ ಪಿಚರ್ ಇರುತ್ತಾನೆ. ಅವನು ಚೆಂಡನ್ನು ನೆಲಕ್ಕೆ ತಾಗಿಸದೆ ನೇರವಾಗಿ ಎಸೆಯುತ್ತಾನೆ. ಸುಮಾರು ಹದಿನೆಂಟೂವರೆ ಮೀಟರ್ ದೂರದಲ್ಲಿ ಬ್ಯಾಟರ್ ಉರುಟು ದಾಂಡು ಹಿಡಿದು ನಿಂತಿರುತ್ತಾನೆ. ಅವನ ಹಿಂದೆ ವಿಕೆಟ್ ಕೀಪರನಂತೆ ಕುಕ್ಕರುಗಾಲಿನಲ್ಲಿ ಕೂತವನು ಕ್ಯಾಚರ್, ಅವನ ಬೆನ್ನಿಗೆ ಅಂಪೈರ್. ಎಸೆದ ಚೆಂಡು ಬ್ಯಾಟರನ ಮೈಗೆ ಬಡಿದರೆ, ಅವನಿಗೆ ಮೊದಲನೆಯ ಬೇಸ್ ಬಿಟ್ಟಿಯಾಗಿ ಸಿಗುತ್ತದೆ.

ವಿಜ್ಞಾನ ಓದುವವರು ಒಂದು ಲೆಕ್ಕ ಮಾಡಿ ನೋಡಿ. ಚೆಂಡಿನ ತೂಕ ಸುಮಾರು 145 ಗ್ರಾಂ, ವೇಗ ಗಂಟೆಗೆ 150 ಕಿಲೋಮೀಟರ್ ಎಂದು ಇಟ್ಟುಕೊಳ್ಳಿ. ಚಲನ ಶಕ್ತಿಯ ಸೂತ್ರ ಹಾಕಿದರೆ ಸುಮಾರು 126 ಜೌಲ್ ಬರುತ್ತದೆ. ಒಂದು ಕಿಲೋ ತೂಕದ ಕಲ್ಲು ನಾಲ್ಕು ಮಹಡಿ ಕಟ್ಟಡದ ಮೇಲಿನಿಂದ ಬಿದ್ದರೆ ಎಷ್ಟು ಶಕ್ತಿಯೋ ಅಷ್ಟು! ಆ ಚೆಂಡು ಬ್ಯಾಟರನನ್ನು ತಲುಪಲು ತೆಗೆದುಕೊಳ್ಳುವ ಸಮಯ ಸುಮಾರು 0.4 ಸೆಕೆಂಡ್. ಯೋಚಿಸಿ ತಪ್ಪಿಸಿಕೊಳ್ಳಲು ಅಷ್ಟು ಹೊತ್ತು ಸಾಲದು.

ಇದು ಬರೀ ಕಾಗದದ ಮೇಲಿನ ಲೆಕ್ಕವಲ್ಲ. 1920ರ ಆಗಸ್ಟ್ 16ರಂದು ನ್ಯೂಯಾರ್ಕ್‌ನಲ್ಲಿ ಯಾಂಕೀಸ್ ತಂಡದ ಕಾರ್ಲ್ ಮೇಸ್ ಎಸೆದ ಚೆಂಡು ಕ್ಲೀವ್‌ಲ್ಯಾಂಡ್ ತಂಡದ ರೇ ಚಾಪ್‌ಮನ್ ಅವರ ತಲೆಗೆ ಬಡಿಯಿತು. 29 ವರ್ಷದ ಚಾಪ್‌ಮನ್ ಮರುದಿನ ಬೆಳಗಿನ ಜಾವ ತೀರಿಕೊಂಡರು. ಉದ್ದೇಶಪೂರ್ವಕವಾಗಿ ಎಸೆದದ್ದಲ್ಲ ಎಂದು ಮೇಸ್ ಕೊನೆಯವರೆಗೂ ಹೇಳುತ್ತಿದ್ದರು. ಆಗಿನ್ನೂ ತಲೆಗೆ ಹೆಲ್ಮೆಟ್ ಇರಲಿಲ್ಲ. ಹೊಸದಾಗಿ ಬರುವ ಆಟಗಾರರೆಲ್ಲ ಹೆಲ್ಮೆಟ್ ತೊಡಲೇಬೇಕು ಎಂಬ ನಿಯಮ ಜಾರಿಗೆ ಬಂದದ್ದು 1971ರಲ್ಲಿ.

ಇಷ್ಟು ಅಪಾಯವಿದ್ದರೂ ಬೇಸ್‌ಬಾಲ್‌ನಲ್ಲಿ ಒಂದು ಅಲಿಖಿತ ನಿಯಮ ಬೆಳೆದು ಬಂತು. ನಮ್ಮ ಬ್ಯಾಟರನಿಗೆ ನೀವು ಚೆಂಡಿನಿಂದ ಹೊಡೆದರೆ, ನಿಮ್ಮ ಬ್ಯಾಟರನಿಗೆ ನಮ್ಮ ಪಿಚರ್ ಹೊಡೆಯುತ್ತಾನೆ. ಇದರಿಂದ ಎಲ್ಲರೂ ಹದ್ದುಬಸ್ತಿನಲ್ಲಿ ಇರುತ್ತಾರೆ, ಆಟಗಾರರ ಶಿಸ್ತನ್ನು ಆಟಗಾರರೇ ಕಾಯುತ್ತಾರೆ ಎಂಬುದು ಅದರ ಸಮರ್ಥನೆ. ಕೇಳಲು ನ್ಯಾಯವಾಗಿಯೇ ಕಾಣುತ್ತದೆ, ಅಲ್ಲವೇ? ಹಾಗಾದರೆ ಒಂದು ಮಧ್ಯಾಹ್ನದ ಕಥೆ ಕೇಳಿ.

1965ರ ಆಗಸ್ಟ್ 22, ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಂಡಲ್‌ಸ್ಟಿಕ್ ಪಾರ್ಕ್. ಆತಿಥೇಯ ಜೈಂಟ್ಸ್ ತಂಡಕ್ಕೂ ಲಾಸ್ ಏಂಜಲೀಸ್‌ನ ಡಾಡ್ಜರ್ಸ್ ತಂಡಕ್ಕೂ ಪಟ್ಟಕ್ಕಾಗಿ ಜಿದ್ದಾಜಿದ್ದಿ. ಎರಡು ದಿನಗಳಿಂದಲೇ ಮಾತಿಗೆ ಮಾತು ಬೆಳೆದಿತ್ತು. ಅಂದು ಜೈಂಟ್ಸ್ ಪಿಚರ್ ಡೊಮಿನಿಕನ್ ಗಣರಾಜ್ಯದ ಹುವಾನ್ ಮಾರಿಚಾಲ್. ಡಾಡ್ಜರ್ಸ್ ಪಿಚರ್ ಸ್ಯಾಂಡಿ ಕೋಫ್ಯಾಕ್ಸ್. ಇಬ್ಬರೂ ಆ ಕಾಲದ ಅಗ್ರಗಣ್ಯರು. ಮಾರಿಚಾಲ್ ಎಸೆದ ಚೆಂಡಿನಿಂದ ತಪ್ಪಿಸಿಕೊಳ್ಳಲು ಡಾಡ್ಜರ್ಸ್‌ನ ಮೌರಿ ವಿಲ್ಸ್ ನೆಲಕ್ಕೆ ಬೀಳಬೇಕಾಯಿತು. ಉತ್ತರವಾಗಿ ಕೋಫ್ಯಾಕ್ಸ್ ಜೈಂಟ್ಸ್‌ನ ವಿಲ್ಲಿ ಮೇಸ್ ಅವರ ತಲೆಯ ಮೇಲಿಂದ ಚೆಂಡು ಹಾಯಿಸಿದರು. ಮತ್ತೆ ಮಾರಿಚಾಲ್ ಎಸೆತಕ್ಕೆ ರಾನ್ ಫೇರ್ಲಿ ನೆಲ ಕಚ್ಚಿದರು. ಆಗ ಅಂಪೈರ್ ಎರಡೂ ತಂಡಗಳಿಗೆ ಎಚ್ಚರಿಕೆ ಕೊಟ್ಟರು.

ಅಲಿಖಿತ ನಿಯಮದ ಪ್ರಕಾರ ಲೆಕ್ಕ ಇಲ್ಲಿಗೆ ಚುಕ್ತಾ ಆಯಿತೇ? ಇಲ್ಲ. ಜೈಂಟ್ಸ್ ಪರ ಬ್ಯಾಟ್ ಹಿಡಿದು ಮಾರಿಚಾಲ್ ಬಂದಾಗ, ಕೋಫ್ಯಾಕ್ಸ್ ಅವರ ಮೈಗೆ ಎಸೆಯಲಿಲ್ಲ. ಆದರೆ ಡಾಡ್ಜರ್ಸ್ ಕ್ಯಾಚರ್ ಜಾನ್ ರೋಸ್‌ಬೊರೊ, ಚೆಂಡನ್ನು ಪಿಚರನಿಗೆ ಹಿಂದಿರುಗಿಸುವ ನೆಪದಲ್ಲಿ ಮಾರಿಚಾಲ್ ಕಿವಿಯ ಪಕ್ಕದಲ್ಲೇ ಹಾದುಹೋಗುವಂತೆ ಎಸೆದರು. ಅದು ಬೇಕೆಂದೇ ಎಸೆದದ್ದು ಎಂದು ಅವರೇ ಮುಂದೆ ಒಪ್ಪಿಕೊಂಡರು. ಮಾರಿಚಾಲ್ ತಿರುಗಿದರು, ಮಾತು ಬೆಳೆಯಿತು, ಕೈಯಲ್ಲಿದ್ದ ದಾಂಡು ರೋಸ್‌ಬೊರೊ ತಲೆಯ ಮೇಲೆ ಬಿತ್ತು. ಎರಡೂ ತಂಡಗಳು ಅಂಗಳಕ್ಕೆ ನುಗ್ಗಿದವು. ಹದಿನಾಲ್ಕು ನಿಮಿಷ ಆಟ ನಿಂತಿತು. ರೋಸ್‌ಬೊರೊ ತಲೆಗೆ 14 ಹೊಲಿಗೆ ಬಿದ್ದವು. ಆ ಗಲಾಟೆಯ ನಡುವೆ ಎದುರಾಳಿ ತಂಡದ ವಿಲ್ಲಿ ಮೇಸ್ ಅವರೇ ಗಾಯಗೊಂಡ ರೋಸ್‌ಬೊರೊ ಅವರನ್ನು ಸಂತೈಸಿ ಕರೆದೊಯ್ದರು ಎಂಬುದನ್ನು ಮರೆಯಬಾರದು.

ಇಲ್ಲಿ ನನ್ನ ವೃತ್ತಿಯ ಮಾತೊಂದನ್ನು ಹೇಳಬೇಕು. ಆ ದಿನದ ಒಂದು ಛಾಯಾಚಿತ್ರ ಬಹಳ ಪ್ರಸಿದ್ಧ. ಮಾರಿಚಾಲ್ ದಾಂಡು ಎತ್ತಿ ನಿಂತಿದ್ದಾರೆ. ಚಿತ್ರ ಸುಳ್ಳು ಹೇಳುತ್ತಿಲ್ಲ. ಆದರೆ ಅದು ತಡವಾಗಿ ಶುರುವಾಗುತ್ತದೆ. ಕಿವಿಯ ಪಕ್ಕ ಹಾದ ಚೆಂಡು ಅದರಲ್ಲಿ ಇಲ್ಲ, ಅದಕ್ಕೂ ಮೊದಲು ನೆಲಕ್ಕೆ ಬಿದ್ದ ಇಬ್ಬರು ಬ್ಯಾಟರುಗಳೂ ಇಲ್ಲ. ದೂರದರ್ಶನದ ಸಂಕಲನ ಕೊಠಡಿಯಲ್ಲಿ ಕೂತವರಿಗೆ ಇದು ಚೆನ್ನಾಗಿ ಗೊತ್ತು. ಮೊದಲ ಏಟು ಯಾರೂ ನಿರೀಕ್ಷಿಸದೆ ಬೀಳುತ್ತದೆ. ಆಗ ಕ್ಯಾಮೆರಾ ಬೇರೆಲ್ಲೋ ಇರುತ್ತದೆ. ಅದು ತಿರುಗಿ ಹಿಡಿಯುವುದು ಎರಡನೆಯ ಏಟನ್ನು. ದೃಶ್ಯವನ್ನು ಎಲ್ಲಿಂದ ತೋರಿಸಲು ಶುರು ಮಾಡುತ್ತೇವೆ ಎಂಬುದರ ಮೇಲೆ ನೋಡುಗರ ಕಣ್ಣಿಗೆ ತಪ್ಪಿತಸ್ಥ ಯಾರು ಎಂಬುದು ಬದಲಾಗಿಬಿಡಬಹುದು. ಜಗಳದಲ್ಲಿರುವ ಮನಸ್ಸೂ ಇಂಥದೇ ಒಂದು ಕ್ಯಾಮೆರಾ.

ಹಾಗೆಂದು ದಾಂಡಿನ ಏಟಿಗೆ ಕ್ಷಮೆ ಇದೆಯೆಂದಲ್ಲ. ನ್ಯಾಷನಲ್ ಲೀಗ್‌ನ ಅಧ್ಯಕ್ಷ ವಾರೆನ್ ಗೈಲ್ಸ್ ಅವರು ಮಾರಿಚಾಲ್‌ಗೆ 1,750 ಡಾಲರ್ ದಂಡ, ಎಂಟು ಆಟದ ದಿನಗಳ ನಿಷೇಧ ವಿಧಿಸಿದರು. ಇದು ತೀರಾ ಕಡಿಮೆಯಾಯಿತು ಎಂದು ಅನೇಕರು ದೂರಿದರು. ಕಾರಣವಿತ್ತು. ಪಂದ್ಯ ಆರಂಭಿಸುವ ಪಿಚರ್ ದಿನವೂ ಆಡುವುದಿಲ್ಲ; ತೋಳಿಗೆ ವಿಶ್ರಾಂತಿ ಬೇಕಾದ್ದರಿಂದ ನಾಲ್ಕೈದು ದಿನಕ್ಕೊಮ್ಮೆ ಅವನ ಸರದಿ. ದಿನವೂ ಆಡುವವನಿಗೆ ಎಂಟು ದಿನವೆಂದರೆ ಎಂಟು ಪಂದ್ಯ, ಪಿಚರನಿಗೆ ಎರಡೇ ಸರದಿ. ಒಂದೇ ಅಂಕಿಯ ಶಿಕ್ಷೆ ಇಬ್ಬರಿಗೆ ಒಂದೇ ತೂಕದ ಶಿಕ್ಷೆಯಾಗುವುದಿಲ್ಲ ಎಂಬುದನ್ನು ಗಮನಿಸಿ. ಆ ವರ್ಷ ಜೈಂಟ್ಸ್ ತಂಡ ಕೇವಲ ಎರಡು ಪಂದ್ಯಗಳ ಅಂತರದಿಂದ ಡಾಡ್ಜರ್ಸ್‌ಗಿಂತ ಹಿಂದೆ ಬಿದ್ದು ಪಟ್ಟ ಕಳೆದುಕೊಂಡಿತು.

ಸೇಡು ಹುಟ್ಟುವುದು ಹೇಗೆ ಎಂಬುದನ್ನು ವಿಜ್ಞಾನಿಗಳೂ ಪರಿಶೀಲಿಸಿದ್ದಾರೆ. 1991ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಅಮೆರಿಕದ ಮನೋವಿಜ್ಞಾನಿಗಳು, ಸೆಖೆ ಹೆಚ್ಚಿದ ದಿನಗಳಲ್ಲಿ ಹೆಚ್ಚು ಬ್ಯಾಟರುಗಳಿಗೆ ಏಟು ಬೀಳುತ್ತದೆ ಎಂದು ತೋರಿಸಿದರು. ಕೈ ಬೆವರಿ ಚೆಂಡು ಜಾರಿರಬಹುದು ಎನ್ನುತ್ತೀರಾ? ಆ ಸಂದೇಹವನ್ನೂ ಅವರು ಪರಿಗಣಿಸಿದ್ದರು. 2011ರಲ್ಲಿ ಐವತ್ತು ಸಾವಿರಕ್ಕೂ ಹೆಚ್ಚು ಪಂದ್ಯಗಳ ದಾಖಲೆ ನೋಡಿದ ಇನ್ನೊಂದು ಅಧ್ಯಯನ ಮತ್ತೂ ಆಳಕ್ಕೆ ಹೋಯಿತು. ತಮ್ಮ ತಂಡದವರಿಗೆ ಆಗಲೇ ಏಟು ಬಿದ್ದಿದ್ದರೆ, ಸೆಖೆ ಏರಿದಷ್ಟೂ ಪಿಚರ್ ಎದುರಾಳಿಗೆ ಹೊಡೆಯುವ ಸಂಭವ ಏರುತ್ತದೆ. ಯಾರಿಗೂ ಏಟು ಬೀಳದೆ ಇದ್ದಾಗ ಸೆಖೆಯ ಪರಿಣಾಮ ಅತ್ಯಲ್ಪ. ಅಂದರೆ ಬಿಸಿಲು ಜಗಳವನ್ನು ಹುಟ್ಟಿಸುವುದಿಲ್ಲ. ಆಗಲೇ ಬಿದ್ದ ಕಿಡಿಗೆ ಗಾಳಿ ಹಾಕುತ್ತದೆ. ನ್ಯಾಯ ತೀರಿಸುತ್ತಿದ್ದೇನೆ ಎಂದುಕೊಂಡವನ ಕೈಯನ್ನು ಅಂದಿನ ಉಷ್ಣಾಂಶ ಆಡಿಸಬಲ್ಲದು ಎಂದಾದರೆ, ಅಂಥ ತಕ್ಕಡಿಯನ್ನು ನಂಬುವುದು ಹೇಗೆ?

ಆದ್ದರಿಂದಲೇ ಪುಸ್ತಕ ಬರೆಯಲು ಮೂರನೆಯವರು ಬೇಕು. ಈಗಿನ ನಿಯಮದ ಪ್ರಕಾರ, ಬೇಕೆಂದೇ ಬ್ಯಾಟರನ ಮೈಗೆ ಎಸೆದನೆಂದು ಅಂಪೈರ್‌ಗೆ ಅನಿಸಿದರೆ, ಪಿಚರನನ್ನು ಹೊರಗೆ ಕಳಿಸಬಹುದು. ಅವನೊಂದಿಗೆ ತಂಡದ ಮ್ಯಾನೇಜರನನ್ನೂ ಕಳಿಸಬಹುದು. ಇಲ್ಲವೇ ಎರಡೂ ತಂಡಗಳಿಗೆ ಎಚ್ಚರಿಕೆ ಕೊಡಬಹುದು. ದಂಡ ಮತ್ತು ನಿಷೇಧವನ್ನು ಹಿಂದೆ ಆಯಾ ಲೀಗ್‌ನ ಅಧ್ಯಕ್ಷರು ನಿರ್ಧರಿಸುತ್ತಿದ್ದರು. 2000ದಿಂದ ಅದು ಕಮಿಷನರ್ ಕಚೇರಿಯ ಕೆಲಸ. ಶಿಕ್ಷೆಗೊಳಗಾದ ಆಟಗಾರನಿಗೆ ಮೇಲ್ಮನವಿಯ ಹಕ್ಕೂ ಇದೆ.

ಹಳೆಯ ಚಾಳಿ ಅಳಿಸಿಹೋಗಿದೆ ಎಂದು ಹೇಳಲಾರೆ. 2022ರ ಜೂನ್ 26ರಂದು ಏಂಜಲ್ಸ್ ಮತ್ತು ಮ್ಯಾರಿನರ್ಸ್ ತಂಡಗಳು ಅಂಗಳದಲ್ಲೇ ಕೈಕೈ ಮಿಲಾಯಿಸಿದವು. ಅದರ ಬೀಜ ಹಿಂದಿನ ರಾತ್ರಿ ಏಂಜಲ್ಸ್ ತಾರೆ ಮೈಕ್ ಟ್ರೌಟ್ ಅವರ ತಲೆಯ ಬಳಿ ಹಾದ ಒಂದು ಚೆಂಡು. ಹನ್ನೆರಡು ಮಂದಿಗೆ ಒಟ್ಟು 47 ಪಂದ್ಯಗಳ ನಿಷೇಧವಾಯಿತು. ಅದರಲ್ಲಿ ಅತಿ ಹೆಚ್ಚಿನ ಪಾಲು, ಹತ್ತು ಪಂದ್ಯ, ಸಿಕ್ಕಿದ್ದು ಏಂಜಲ್ಸ್‌ನ ಹಂಗಾಮಿ ಮ್ಯಾನೇಜರ್ ಫಿಲ್ ನೆವಿನ್ ಅವರಿಗೆ. ತಂಡದ ಹಿರಿಯನೇ ಹೆಚ್ಚು ಹೊಣೆಗಾರ ಎಂಬ ಸೂಚನೆ ಇದರಲ್ಲಿದೆ.

ಇನ್ನು ಮಾರಿಚಾಲ್ ಮತ್ತು ರೋಸ್‌ಬೊರೊ ಏನಾದರು? ವರ್ಷಗಳು ಕಳೆದಂತೆ ಇಬ್ಬರೂ ಸ್ನೇಹಿತರಾದರು. ಬೇಸ್‌ಬಾಲ್‌ನ ಅತ್ಯುನ್ನತ ಗೌರವವಾದ ಹಾಲ್ ಆಫ್ ಫೇಮ್‌ಗೆ ಮಾರಿಚಾಲ್ ಮೊದಲ ಎರಡು ಸಲ ಆಯ್ಕೆಯಾಗಲಿಲ್ಲ. ಆ ಹಳೆಯ ಏಟು ಜನರ ಮನಸ್ಸಿನಲ್ಲಿ ಉಳಿದಿತ್ತು. ಆಗ ಅವರ ಪರವಾಗಿ ಬಹಿರಂಗವಾಗಿ ಮಾತನಾಡಿದವರು, ಏಟು ತಿಂದ ರೋಸ್‌ಬೊರೊ ಅವರೇ! 1983ರಲ್ಲಿ ಮಾರಿಚಾಲ್ ಆಯ್ಕೆಯಾದರು. 2002ರಲ್ಲಿ ರೋಸ್‌ಬೊರೊ ತೀರಿಕೊಂಡಾಗ, ಅಂತ್ಯಸಂಸ್ಕಾರದಲ್ಲಿ ಗೌರವ ಹೆಗಲುಗಾರರ ಸಾಲಿನಲ್ಲಿ ಮಾರಿಚಾಲ್ ನಿಂತಿದ್ದರು.

ಅಂಪೈರ್ ಜಗಳವನ್ನು ನಿಲ್ಲಿಸಬಲ್ಲ, ಲೀಗ್ ದಂಡ ಹಾಕಬಲ್ಲದು. ಆದರೆ ಆ ಲೆಕ್ಕದ ಪುಸ್ತಕವನ್ನು ಕೊನೆಗೆ ಮುಚ್ಚಿದ್ದು ಏಟು ತಿಂದವರ ಕೈ. ಮುಂದಿನ ಸಲ ನಿಮ್ಮ ಕಾಲೇಜಿನ ಪಂದ್ಯದಲ್ಲಿ ಮಾತಿಗೆ ಮಾತು ಏರಿ ಕೈ ಮೇಲೆದ್ದಾಗ ಒಂದು ಕ್ಷಣ ಕೇಳಿಕೊಳ್ಳಿ: ನಾನು ಲೆಕ್ಕವನ್ನು ಯಾವ ಚೆಂಡಿನಿಂದ ಶುರು ಮಾಡುತ್ತಿದ್ದೇನೆ? ಅದಕ್ಕೂ ಹಿಂದಿನದು ಒಂದು ಇದ್ದಿರಬಹುದಲ್ಲವೇ?